ಅರವತ್ತಮೂರು ಮನೆಗೆ ಒಂದೇ ಸುದ್ದಿ

ಮಾರ್ಚ್ ೪, ಬೆಳಿಗ್ಗೆ ಹತ್ತು

ಪಾತ್ರೆ ತೊಳೆದಾಯಿತು. ಮೊಮ್ಮಗಳನ್ನು ಶಾಲೆಗೆ ಅಟ್ಟಿದ್ದಾಯಿತು. ಊಟದ ಮೇಜು ಇವತ್ತೂ ಸೊಸೆಯ ವಶ. ಕಂಪ್ಯೂಟರ್, ತಲೆಗೆ ಹೆಡ್‌ಫೋನ್, ಆರಿಹೋದ ಕಾಫಿ. ಉಸಿರಾಟದ ತೊಂದರೆಯವರಿಗೆ ಆಕ್ಸಿಜನ್ ಮೆಷಿನ್ ಬಾಡಿಗೆಗೆ ಕೊಡುವ ಕಂಪನಿಯಲ್ಲಿ ಅವಳಿಗೆ ಕೆಲಸ. ಮೆಷಿನ್ ಕೈಕೊಟ್ಟರೆ ಜನ ಇವಳಿಗೆ ದೂರು ಕೊಡುತ್ತಾರೆ. ಒಂದೊಂದು ದೂರಿಗೂ ಒಂದು ನಂಬರ್. ಅದಕ್ಕೆ ಟಿಕೆಟ್ ಎಂದು ಹೆಸರು. ಬಸ್ಸಿಲ್ಲ, ಸಿನಿಮಾ ಇಲ್ಲ, ಟಿಕೆಟ್ ಮಾತ್ರ ಇದೆ ಎಂದೆ. ನಗಲಿಲ್ಲ. ಮುಖ ಯಾಕೋ ಊದಿಕೊಂಡಿದೆ…

ಅದೇ ದಿನ, ಮಧ್ಯಾಹ್ನ

ಕಾರಣ ತಿಳಿಯಿತು. ಹೊಸ ಮೆಷಿನ್‌ಗಳ ಅಲಾರ್ಮ್ ಕೆಟ್ಟಿದೆ. ಗಾಳಿ ಸರಿಯಾಗಿ ಬರುತ್ತಿದ್ದರೂ ಸುಮ್ಮಸುಮ್ಮನೆ ಕೂಗುತ್ತದೆ. ಅರವತ್ತಮೂರು ಮನೆಯಿಂದ ದೂರು. ಆಫೀಸಿನವರು ಅಷ್ಟನ್ನೂ ಒಂದು ದೊಡ್ಡ ಟಿಕೆಟ್‌ಗೆ ಲಿಂಕ್ ಮಾಡಿದ್ದಾರೆ, ಒಂದೇ ಗೂಟಕ್ಕೆ ಕರುಗಳನ್ನೆಲ್ಲ ಕಟ್ಟಿದ ಹಾಗೆ. ಶನಿವಾರವೇ ಗೊತ್ತಾಗಿತ್ತಂತೆ, ಗಾಬರಿಯೇನಿಲ್ಲ, ಒಂದು ಸಣ್ಣ ಭಾಗ ಬದಲಾಯಿಸಿದರೆ ಸಾಕು ಎಂದು. ದೊಡ್ಡ ಟಿಕೆಟ್‌ನಲ್ಲಿ ಬರೆದು ಕೈತೊಳೆದುಕೊಂಡರು. ಜನಕ್ಕೆ ತಿಳಿಸುವವರು ಯಾರು? ಯಾರೂ ಇಲ್ಲ.

ಒಬ್ಬ ಹೆಂಗಸು ಎರಡು ದಿನ ಸ್ನಾನಕ್ಕೂ ಏಳದೆ ಗಂಡನ ಪಕ್ಕ ಕೂತಿದ್ದಳಂತೆ. ಇವತ್ತು ಫೋನ್ ಮಾಡಿದಳು. "ನಿಮಗೆ ಗೊತ್ತಿತ್ತು ತಾನೇ? ಒಂದು ಮಾತು ಹೇಳೋಕ್ಕೆ ಏನಾಗಿತ್ತು?" ಎಂದು ಕೇಳಿದಳಂತೆ.

ಮಾರ್ಚ್ ೫

ಕಂಪ್ಯೂಟರ್‌ಗೆ ಒಂದು ಕಟ್ಟಳೆ ಹಾಕಿಕೊಡುತ್ತಿದ್ದಾಳೆ. ದೊಡ್ಡ ಟಿಕೆಟ್‌ನಲ್ಲಿ ಏನು ಬರೆದರೂ ಲಿಂಕ್ ಆದವರಿಗೆಲ್ಲ ತಾನಾಗಿಯೇ ಮೆಸೇಜ್ ಹೋಗಬೇಕು. ಜನಕ್ಕೆ ಕಳಿಸುವ ಮೊದಲು ಪರೀಕ್ಷೆಗೆಂದು ಎರಡು ಸುಳ್ಳು ದೂರು ಬರೆದಳು. ಒಂದು ನನ್ನ ಮೊಬೈಲ್ ನಂಬರಿನಿಂದ ಬಂದ ಹಾಗೆ — 'ಅತ್ತೆಯ ಬಾಯಿ ನಿಲ್ಲುತ್ತಿಲ್ಲ' ಎಂದು. ಒಂದು ಗುಂಡಿ ಒತ್ತಿದಳು. ಸೊಂಟದಲ್ಲಿದ್ದ ಫೋನ್ ಟಣ್ ಎಂದಿತು. 'ನಿಮ್ಮ ತೊಂದರೆಗೆ ಕಾರಣ ಸಿಕ್ಕಿದೆ, ಸರಿಪಡಿಸುತ್ತಿದ್ದೇವೆ.' ಸರಿಪಡಿಸುತ್ತಾಳಂತೆ! ಕೊಬ್ಬು ನೋಡಿ.

ಕೆಲಸ ಮಾತ್ರ ಭೇಷಾಗಿದೆ. ನಾಲ್ಕನೇ ಕ್ಲಾಸಿಗೇ ಶಾಲೆ ಬಿಟ್ಟ ನನಗೂ ಅರ್ಥವಾಯಿತು.

ಮಾರ್ಚ್ ೬, ಹನ್ನೊಂದು

ಬೆಳಿಗ್ಗೆಯಿಂದ ಮ್ಯಾನೇಜರ್ ಪ್ರಾಣ ತಿನ್ನುತ್ತಿದ್ದಾನೆ, ಇನ್ನೂ ಯಾಕೆ ಶುರುಮಾಡಿಲ್ಲ ಎಂದು. ಅರವತ್ತಮೂರನ್ನೂ ಓದದೆ ಮಾಡುವುದಿಲ್ಲ ಎಂದು ಇವಳ ಹಟ. ನಾನು ತರಕಾರಿ ಹೆಚ್ಚುತ್ತ ಕೂತೆ, ಅವಳು ಗಟ್ಟಿಯಾಗಿ ಓದಿದಳು. ಅಲಾರ್ಮ್ ಕೂಗುತ್ತಿದೆ. ಅಲಾರ್ಮ್ ನಿಲ್ಲುತ್ತಿಲ್ಲ. ಮಗು ಬೆಚ್ಚುತ್ತಿದೆ. ಇಪ್ಪತ್ತಕ್ಕೇ ನನಗೆ ಆಕಳಿಕೆ. ಎಲ್ಲ ನೀನೇ ಓದೋದಾದರೆ ಆ ಪೆಟ್ಟಿಗೆ ಯಾಕೆ ಎಂದು ಚುಚ್ಚಿದೆ.

"ತಿಳಿಸೋದು ಅದು ಅತ್ತೆ. ಯಾರಿಗೆ ಅಂತ ನಾನು ತಾನೇ ಹೇಳ್ಬೇಕು?"

ನಲವತ್ತೊಂದನೆಯದು ಓದುವಾಗ ಅವಳ ದನಿ ನಿಂತಿತು. ಮತ್ತೆ ಮೊದಲಿನಿಂದ ಓದಿದಳು. 'ಅಲಾರ್ಮ್ ಸಮಸ್ಯೆ. ನಿನ್ನೆ ಕರೆಂಟ್ ಹೋಗಿ ಮೆಷಿನ್ ನಿಂತಿತ್ತು. ಅಲಾರ್ಮ್ ಕೂಗಲೇ ಇಲ್ಲ. ಅಪ್ಪನ ತುಟಿ ನೀಲಿಯಾಗಿದ್ದು ನೋಡಿದ ಮೇಲೆ ಗೊತ್ತಾಯಿತು.'

ಅಲಾರ್ಮ್ ಎಂಬ ಮಾತು ಕಂಡದ್ದೇ ತಡ, ಯಾರೋ ತಂದು ಇದೇ ಗೂಟಕ್ಕೆ ಕಟ್ಟಿದ್ದಾರೆ. ಆ ಮನೆಗೂ ಇದೇ ಮೆಸೇಜ್ ಹೋಗುತ್ತಿತ್ತು — ಚಿಂತೆ ಬೇಡ, ಮೆಷಿನ್ ಚೆನ್ನಾಗಿದೆ ಎಂದು.

ಚಾಕು ಕೆಳಗಿಟ್ಟು ಅವಳ ಪಕ್ಕ ಹೋಗಿ ನಿಂತೆ.

ಹನ್ನೆರಡೂವರೆ

ಆ ಟಿಕೆಟನ್ನು ಬಿಡಿಸಿ ಬೇರೆಯಿಟ್ಟಳು. ಫೋನ್ ಮಾಡಿದಳು. ಎತ್ತುವವರಿಲ್ಲ. ಮತ್ತೆ, ಮತ್ತೆ. ಆ ಮನೆಯ ಮಗಳ ಆಫೀಸ್ ನಂಬರ್ ಹುಡುಕಿ ತೆಗೆದಳು. ಹಗಲು ಅಪ್ಪ ಒಬ್ಬರೇ, ಬೀಗದ ಕೈ ಪಕ್ಕದ ಮನೆಯಲ್ಲಿದೆ ಎಂದಳಂತೆ. ಮೆಕ್ಯಾನಿಕ್ ಹೊರಟಿದ್ದಾನೆ, ಬೇರೆ ಮೆಷಿನ್ ಹೊತ್ತುಕೊಂಡು. ಈ ಮಧ್ಯೆ ಮ್ಯಾನೇಜರ್ ಎರಡು ಸಲ ಕೂಗಾಡಿದ. ಇವಳು ದನಿ ಏರಿಸಲಿಲ್ಲ, ಜಗ್ಗಲೂ ಇಲ್ಲ. ನಾನಾಗಿದ್ದರೆ ಅವನ ಏಳು ತಲೆಮಾರು ಜಾಲಾಡಿಬಿಡುತ್ತಿದ್ದೆ.

ಒಲೆಯ ಮೇಲಿಟ್ಟಿದ್ದ ತರಕಾರಿ ಸೀದುಹೋಯಿತು. ಯಾರಿಗೆ ಬೇಕು.

ಎರಡು ಗಂಟೆ

ಮೆಕ್ಯಾನಿಕ್ ಫೋನ್ ಬಂತು. ಹಿರಿಯರು ಆರಾಮಾಗಿ ಕೂತು ಪೇಪರ್ ಓದುತ್ತಿದ್ದಾರೆ, ಫೋನ್ ಒಳಕೋಣೆಯಲ್ಲಿತ್ತಂತೆ. ಅಲಾರ್ಮಿನ ಬ್ಯಾಟರಿಗೆ ತಂತಿಯನ್ನೇ ಸಿಕ್ಕಿಸಿರಲಿಲ್ಲವಂತೆ. ಮೆಷಿನ್ ಬದಲಾಯಿಸಿ, ಪ್ಲಗ್ ಕಿತ್ತು, ಅಲಾರ್ಮ್ ಕೂಗುವುದನ್ನು ಫೋನಿನಲ್ಲೇ ಕೇಳಿಸಿದ. ಅಷ್ಟು ಕರ್ಕಶ ದನಿ… ಇಬ್ಬರೂ ಕಿವಿಗೊಟ್ಟು ಕೇಳಿದೆವು.

ಆಮೇಲೆ ಉಳಿದ ಇಪ್ಪತ್ತೆರಡನ್ನೂ ಓದಿದಳು. ಈ ಸಲ ನಾನು ಬಾಯಿ ಬಿಡಲಿಲ್ಲ. ಗುಂಡಿ ಒತ್ತಿದಳು. ಅರವತ್ತೆರಡು ಮನೆಗೆ ಒಂದೇ ಗಳಿಗೆಯಲ್ಲಿ ಸುದ್ದಿ ಹೋಯಿತು. ಮೊದಲ ಉತ್ತರ ಬಂದದ್ದು ಆ ಸ್ನಾನ ಬಿಟ್ಟು ಕೂತಿದ್ದ ಹೆಂಗಸಿನದು — 'ಸದ್ಯ, ಹೇಳಿದಿರಲ್ಲ.' ಇವಳು ಅದನ್ನು ಮೂರು ಸಲ ಓದಿದಳು. ಲೆಕ್ಕ ಇಟ್ಟಿದ್ದೇನೆ.

ಮಾರ್ಚ್ ೯

ಎರಡು ದಿನ ಬರೆಯಲಾಗಲಿಲ್ಲ. ಮೊಮ್ಮಗಳಿಗೆ ಜ್ವರ.

ಕಟ್ಟಳೆಗೆ ಇನ್ನೊಂದು ಸೇರಿಸಿದ್ದಾಳೆ. ಲಿಂಕ್ ಆದ ದೂರನ್ನು ಒಬ್ಬರು ಓದಿ ಗುರುತು ಹಾಕುವ ತನಕ ಅದಕ್ಕೆ ಮೆಸೇಜ್ ಹೋಗದು. ಕೆಲಸ ನಿಧಾನವಾಗುತ್ತದೆ ಎಂದನಂತೆ ಮ್ಯಾನೇಜರ್. ಆಗಲಿ ಸರ್ ಎಂದಳಂತೆ. ತೆಗೆಯಲಿಲ್ಲ.

ಇವಳು ಈ ಮನೆಗೆ ಬಂದು ಹನ್ನೊಂದು ವರ್ಷ. ಉಪ್ಪು ಕಡಿಮೆ ಎಂದಿದ್ದೇನೆ, ಏಳುವುದು ತಡ ಎಂದಿದ್ದೇನೆ. ಭೇಷ್ ಎಂದದ್ದು ನೆನಪಿಲ್ಲ. ಇವತ್ತು ಹೇಳಿಬಿಡೋಣ ಎಂದು ಮೇಜಿನ ಹತ್ತಿರ ಹೋದೆ. ಹೆಡ್‌ಫೋನ್ ಸರಿಸಿದಳು.

"ಏನತ್ತೆ?"

ಏನಿಲ್ಲ, ಮೇಜು ಒರೆಸಬೇಕು ಎಂದೆ. ಒರೆಸಿದೆ. ಬಾಯಲ್ಲಿ ಹೇಳಲಾಗದೆ ಬಂದು ಬರೆಯುತ್ತಿದ್ದೇನೆ, ನಾಚಿಕೆಗೆಟ್ಟವಳು ನಾನು.

ಒಳಗಿಂದ ಅವಳೇ ಕರೆಯುತ್ತಿದ್ದಾಳೆ. ಈ ಸಲ ಹೋಗಿ ಹೇಳಿಯೇ—