ಪರಮಿಂದರ್‌ಗೆ ತೋರಿಸಿದ ಲಂಡನ್

ಜೂನ್ ೮, ಭಾನುವಾರ

ಯಾಕಾದ್ರೂ ಒಪ್ಪಿಕೊಂಡೆನೋ!

ಪಂಜಾಬಿನ ಫಗ್ವಾಡಾದಿಂದ ಬಂದಿರೋ ನಾದಿನಿ ಪರಮಿಂದರ್‌ಗೆ ಇವತ್ತು ಲಂಡನ್ನಿನಲ್ಲಿ ಪಂಜಾಬಿಗಳೇ ತುಂಬಿರೋ ನಮ್ಮ ಸೌತಾಲ್ ಬೀದಿಯೆಲ್ಲ ಹೆಮ್ಮೆಯಿಂದ ಸುತ್ತಿಸಿದೆ. ಗುರುದ್ವಾರ, ಬಟ್ಟೆ ಅಂಗಡಿ, ಬಿಸಿ ಜಿಲೇಬಿ. ಅವಳ ಮುಖ ಅರಳಲೇ ಇಲ್ಲ.

"ಭಾಬಿ, ಜಿಲೇಬಿ ತಿನ್ನೋಕೆ ವಿಮಾನ ಹತ್ತಬೇಕಿತ್ತಾ? ಲಂಡನ್ ಯಾವಾಗ ತೋರಿಸ್ತೀರಿ?"

"ಇದೇ ಕಣೇ ಲಂಡನ್!" ಅಂತ ರೇಗಿದೆ.

"ಹೋಗ್ಲಿ, ನಿಮ್ಮ ಇಂಗ್ಲಿಷ್ ಗೆಳತಿ ಯಾರಾದ್ರೂ ಇದ್ರೆ ಅವರ ಮನೇಲಿ ಒಂದು ಚಹಾ ಕುಡಿಸಿ, ಸಾಕು."

ನಾಳೆನೇ ಹೋಗೋಣ ಅಂದುಬಿಟ್ಟೆ. ಯಾರ ಮನೆಗೆ?

ಪಕ್ಕದ ಮನೆ ಇಂಗ್ಲಿಷ್ ಅಜ್ಜಿ ಮೂವತ್ತು ವರ್ಷದಿಂದ ನನ್ನ ಕಂಡ ಕೂಡಲೇ ಕೈ ಬೀಸ್ತಾಳೆ. ನಾನೂ ಬೀಸ್ತೀನಿ. ಅಷ್ಟೇ. ಹಾಗಾದ್ರೆ ಇಷ್ಟು ವರ್ಷ ನಾನಿದ್ದದ್ದು ಎಲ್ಲಿ?

ನಾಳೆ ಅವಳ ಬಾಗಿಲು ತಟ್ಟಿ, ಮೊದಲು ನನ್ನ ಹೆಸರು ಹೇಳಬೇಕು. ಆಮೇಲೆ ಅವಳ ಹೆಸರು ಕೇಳಬೇಕು. ಚಹಾ ಅದಾದ ಮೇಲೆ.