ಟೊಮೆಟೊ ತರಕಾರಿಯೆಂದು ಬರೆದುಕೊಡಿ

ಡಾಕ್ಟರಮ್ಮನವರಿಗೆ ನಮಸ್ಕಾರ.

ಮಂಡಿ ಆಪರೇಷನ್‌ಗೆ ಮೊದಲು ತೂಕ ಇಳಿಸಲೇಬೇಕು ಎಂದಿದ್ದಿರಿ. ಹಣ್ಣು ತಿಂದರೆ ನನಗೆ ತುಟಿ ಊದುತ್ತದೆ, ಹಾಗಾಗಿ ಸಂಜೆ ಹಸಿವಿಗೆ ತರಕಾರಿ ತಿನ್ನಲು ಹೇಳಿದ್ದಿರಿ. ನನ್ನ ಹೆಂಡತಿ ತೀರಿಕೊಂಡ ಮೇಲೆ ಅವಳ ತಂಗಿ ದಿನಾ ಸಂಜೆ ಬಂದು ನನ್ನ ತಟ್ಟೆ ಕಾಯುತ್ತಾಳೆ. ನಿನ್ನೆ ಟೊಮೆಟೊ ಹೆಚ್ಚಿಕೊಂಡು ಕೂತಿದ್ದೆ. ಕಿತ್ತುಕೊಂಡಳು.

"ಅಂಗಡಿಯವನು ಏನಂತಾನೆ ಭಾವ? ಟೊಮೆಟೊ ಹಣ್ಣು ಅಂತಾನಲ್ವಾ?"

"ಸೌತೆಕಾಯಿ ಆದ್ರೂ ಕೊಡಮ್ಮ."

"ಕಾಯಿ ಅಲ್ವಾ, ನಾಳೆ ಹಣ್ಣಾಗುತ್ತೆ."

"ನಾನೂ ಹಣ್ಣಾಗಿದೀನಿ, ನನ್ನನ್ನೂ ಎತ್ತಿಟ್ಬಿಡು" ಎಂದೆ. ಅಕ್ಕನನ್ನು ಕಳೆದುಕೊಂಡ ಮೇಲೆ ಅವಳು ನಕ್ಕಿದ್ದು ಅದೇ ಮೊದಲು. ತಟ್ಟೆ ಮಾತ್ರ ವಾಪಸ್ ಬರಲಿಲ್ಲ. ಅವಳು ಮನೆಗೆ ಹೊರಟ ಮೇಲೆ ಒಂದಿಡೀ ಪೊಟ್ಟಣ ಬಿಸ್ಕತ್ತು ಖಾಲಿ ಮಾಡಿದೆ. ಹೀಗಾದರೆ ತೂಕ ಇಳಿಯುವುದು ಹೇಗೆ?

ದಯವಿಟ್ಟು ಟೊಮೆಟೊ, ಸೌತೆ ಎರಡೂ ತರಕಾರಿಯೆಂದು ಬರೆದು ಸೀಲು ಹಾಕಿಕೊಡಿ. ಅವಳ ಕಾವಲು ಇನ್ನು ಸಾಕು ಎಂದು ಮಾತ್ರ ಬರೆಯಬೇಡಿ. ಅವಳು ಬೈಯುತ್ತಿರುವಷ್ಟು ಹೊತ್ತು ಮನೆಯಲ್ಲಿ ಸದ್ದಿರುತ್ತದೆ. ಆಗ ನನಗೆ ಹಸಿವೇ ಆಗುವುದಿಲ್ಲ.

ಇಂತಿ,
ಎಡಮಂಡಿ ನೋವಿನ ನಿವೃತ್ತ ಕಂಡಕ್ಟರ್