ಕುರ್ಚಿಯ ಮೇಲಿದ್ದ ಕೋಟು

ಯೂನಿವರ್ಸಿಟಿ ಹಾಸ್ಟೆಲ್, ಬುಲಾವಾಯೊ
ಸೆಪ್ಟೆಂಬರ್ 14, ಭಾನುವಾರ

ಪ್ರೀತಿಯ ಬೆಕಿ ಅಣ್ಣಾ,

ಹೇಗಿದ್ದೀಯ? ಜೊಹಾನ್ಸ್‌ಬರ್ಗ್‌ನ ಚಳಿಗೆ ಎದೆ ಕಟ್ಟುತ್ತಿತ್ತಲ್ಲ, ಕಡಿಮೆಯಾಯಿತೇ? ಹೊತ್ತಿಗೆ ಸರಿಯಾಗಿ ಊಟ ಮಾಡುತ್ತೀಯ ತಾನೆ? ಎಷ್ಟೇ ಕೋಪವಿದ್ದರೂ ಇದನ್ನು ಕೇಳದೆ ಪತ್ರ ಶುರು ಮಾಡಲು ನನಗೆ ಬರುವುದಿಲ್ಲ. ಬೋರ್ಡಿಂಗ್ ಸ್ಕೂಲಿನ ಮೇಟ್ರನ್ ಹಾಗೆ ಕಲಿಸಿಬಿಟ್ಟಿದ್ದಾರೆ. ನಾನು ಓಕೆ. ಅಂದರೆ ನಾಳೆ ಟೆಸ್ಟ್ ಇದೆ, ಏನೂ ತಲೆಗೆ ಹೋಗುತ್ತಿಲ್ಲ. ಫೋನಿನಲ್ಲಿ ಹೇಳಲು ಹೊರಟರೆ ನೀನು ನಗಿಸಿಬಿಡುತ್ತೀಯ, ಹೇಳಬೇಕಾದ್ದು ಹೊಟ್ಟೆಯಲ್ಲೇ ಉಳಿಯುತ್ತದೆ. ಅದಕ್ಕೇ ಕಾಗದ.

ಏಪ್ರಿಲ್ ರಜೆಯಲ್ಲಿ ನೀನು ಆ ಮೈಕ್ ಕಳಿಸಿದಾಗ ಏನು ಹೇಳಿದ್ದೆ, ನೆನಪಿದೆಯಾ? "ಊರಿಗೆ ಬಂದ್ರೆ ಅಜ್ಜಿ ಗೇಟಲ್ಲಿ ನಿಂತು ಕುಲದ ಬಿರುದೆಲ್ಲ ಹೇಳಿ ಒಳಗೆ ಕರೀತಾಳೆ. ಇಲ್ಲಿ ನನ್ನನ್ನ ಹಾಗೆ ಕರೆಯೋರು ಯಾರಿದ್ದಾರೆ ಖಾನ್ಯಿ? ರೆಕಾರ್ಡ್ ಮಾಡಿ ಕಳಿಸು, ನಾನೊಬ್ನೇ ಕೇಳ್ತೀನಿ." ನಾನೊಬ್ಬನೇ ಅಂದಿದ್ದೆ ಅಣ್ಣಾ. ಇದು ಡೈನಮಿಕ್ ಮೈಕ್, ದೂರದವರ ಮಾತಿಗೆ ಕಿವಿ ಕೊಡಲ್ಲ, ಬಾಯಿ ಹತ್ತಿರ ತಂದವರನ್ನು ಮಾತ್ರ ಕೇಳಿಸಿಕೊಳ್ಳತ್ತೆ ಅಂತಲೂ ಹೇಳಿಕೊಟ್ಟಿದ್ದೆ. ಸ್ಟ್ಯಾಂಡ್ ಇರಲಿಲ್ಲ, ಪೇಂಟ್ ಡಬ್ಬಕ್ಕೆ ಮರಳು ತುಂಬಿ, ಪೊರಕೆಕೋಲು ನೆಟ್ಟು, ಅದಕ್ಕೆ ಮೈಕ್ ಕಟ್ಟಿದೆ. ಗೋಡೆಗಳಿಗೆ ಕಂಬಳಿ ಇಳಿಬಿಟ್ಟೆ. ಬೀದಿಯ ಹಾರ್ನ್ ಬರದಿರಲೆಂದು ಮೈಕಿನ ಬೆನ್ನನ್ನು ಕಿಟಕಿಗೆ ತಿರುಗಿಸಿದೆ. ಅಜ್ಜಿಯ ಬಾಯಿಗೂ ಮೈಕಿಗೂ ಒಂದು ಹಿಡಿ ಅಂತರ, ಉಸಿರು ಬಡಿಯದ ಹಾಗೆ ತುಸು ಓರೆಗೆ. ಎಲ್ಲ ರೆಡಿ. ಅಜ್ಜಿ ಮಾತ್ರ ಬಾಯಿ ತೆರೆಯಲೊಲ್ಲಳು. "ಈ ಕಬ್ಬಿಣದ ತುಂಡಿಗೆ ನಮ್ಮ ಹಿರಿಯರ ಹೆಸರು ಹೇಳ್ಲಾ? ಇದು ಯಾರ ಮಗ?" ಕೊನೆಗೆ ನಿನ್ನ ಹಳೇ ಸ್ಕೂಲ್ ಕೋಟನ್ನು ಎದುರಿನ ಕುರ್ಚಿಗೆ ತೊಡಿಸಿದೆ. ಆಗ ಮುಂದಕ್ಕೆ ಬಾಗಿದಳು ನೋಡು! ನಿನ್ನ ಮುಖಕ್ಕೇ ಹೇಳುವ ಹಾಗೆ, ಮೈಕಿಗೆ ತುಟಿ ತಾಗುವಷ್ಟು ಹತ್ತಿರ. ತಾತನ ಹೆಸರು ಬಂದಾಗ ಗಂಟಲು ನಡುಗಿತು. ಸೌಂಡ್ ಲೆವೆಲ್ ಸರಿ ಮಾಡಬೇಕಾದ ನಾನು ಅಳುತ್ತಾ ಕುಳಿತಿದ್ದೆ. ಆ ರಾತ್ರಿಯೇ ಅದನ್ನು ನಿನಗೆ ಕಳಿಸಿದೆ.

ಕಳೆದ ವಾರ ಕ್ಲಾಸಿಗೆ ಹೋಗುವ ವ್ಯಾನಿನ ಸ್ಪೀಕರಿನಲ್ಲಿ ಅಜ್ಜಿಯ ಆ ಗಂಟಲು ಕೇಳಿಸಿತು. ಕೆಳಗೆ ದಬದಬ ಡ್ರಮ್. ತಾತನ ಹೆಸರನ್ನು ಕತ್ತರಿಸಿ ಮಜಾಹಾ, ಮಜಾಹಾ, ಮಜಾಹಾ ಅಂತ ಕುಣಿಸಿದ್ದೀಯ. ಕೊನೆಯಲ್ಲಿ ಡಿಜೆ ಬೆಕಿ ಅಂತ ನಿನ್ನದೇ ದನಿ. ಕಂಡಕ್ಟರ್ "ಸೌಂಡ್ ಜಾಸ್ತಿ ಮಾಡ್ರೋ, ಮುದುಕಿಗೆ ಇವತ್ತು ಬಿಯರ್ ಏರಿದೆ!" ಅಂದ. ಎಲ್ಲರೂ ನಕ್ಕರು. ಪಕ್ಕದವಳು ಭುಜ ಕುಣಿಸುತ್ತಾ ನನ್ನನ್ನೂ ತಿವಿದಳು. ನಾನೂ ಸ್ವಲ್ಪ ನಕ್ಕೆ. ಅದು ನಮ್ಮಜ್ಜಿ ಅಂತ ಹೇಳಲು ಧೈರ್ಯ ಬರಲಿಲ್ಲ.

ನಿನ್ನೆ ಶನಿವಾರ ಮನೆಗೆ ಓಡಿದೆ. ತಿರುವಿನ ಬಾರಿನಲ್ಲಿ ಅದನ್ನೇ ಹಾಕುತ್ತಿದ್ದಾರೆ, ಅಜ್ಜಿಗೆ ನನಗಿಂತ ಮೊದಲೇ ಗೊತ್ತು. "ಒಂದ್ಸಲ ಕರೆದ್ರೆ ಬರ್ತಿದ್ದ ಮನುಷ್ಯ, ಅಷ್ಟು ಸಲ ಯಾಕೆ ಕೂಗ್ತಾರೆ?" ಅಂದಳು. ಆಮೇಲೆ ಮೆಲ್ಲಗೆ, "ಖಾನ್ಯಿ, ಆ ಕೋಟಿನೊಳಗೆ ಎಷ್ಟು ಜನ ಇದ್ರು?" ನೀನು ಅದನ್ನು ಹಾಡು ಮಾಡುವುದು ನನಗೂ ಮೊದಲೇ ಗೊತ್ತಿತ್ತು ಅಂತಲೇ ಅವಳೆಣಿಕೆ. ನಾನು ಬಂದಾಗ ಗೇಟಿನಲ್ಲಿ ಬಿರುದು ಹೇಳಲಿಲ್ಲ, ಅಣ್ಣಾ. "ಬಂದ್ಯಾ? ಕೈ ತೊಳ್ಕೋ" ಅಂದಳು, ಅಷ್ಟೇ. ಅವಳನ್ನು ಕುರ್ಚಿಯ ಮುಂದೆ ಕೂರಿಸಿದವಳು ನಾನು. ನನ್ನನ್ನು ಮೈಕಿನ ಮುಂದೆ ಕೂರಿಸಿದವನು ನೀನು.

ಎದೆಗೆ ಬೆಚ್ಚಗೆ ಏನಾದರೂ ಹಾಕಿಕೋ. ಇಷ್ಟಾದರೂ ನಿನ್ನ ಆರೋಗ್ಯ ಕೆಡಬಾರದು ಅಂತಲೇ ಪ್ರಾರ್ಥಿಸುತ್ತೇನೆ.

ನಿನ್ನ ತಂಗಿ,
ಸಿಖಾನ್ಯಿಸೊ

ಮರೆತಿದ್ದೆ: ಡಿಸೆಂಬರಿಗೆ ನೀನು ಬರುತ್ತೀಯೆಂದು ಅಜ್ಜಿಗೆ ಹೇಳಿದೆ. "ಬರ್ಲಿ, ಅವನ ಮನೆ. ಮುದ್ದೆ ಇರತ್ತೆ, ಹುಳಿ ಹಾಲು ಇರತ್ತೆ. ಗೇಟ್ ಹತ್ರ ಮಾತ್ರ ಅವನ ಹಾಡು ಅವನೇ ಹಾಕ್ಕೊಂಡು ಒಳಗೆ ಬರ್ಲಿ" ಅಂದಳು.